ಮೂಲೆಯಲ್ಲೊಂದು ಐಸ್ ತುಂಡು

—ಒಂದೇ ಒಂದು, ಅದೂ ಮೂಲೆಯ ಗುಳಿಯಲ್ಲಿ, ಉಳಿದ ಗುಳಿಗಳೆಲ್ಲ ಖಾಲಿ, ಇದೊಂದು ಮಾತ್ರ ಬೊಚ್ಚುಬಾಯಲ್ಲಿ ಉಳಿದ ಕಡೆಯ ಹಲ್ಲಿನ ಹಾಗೆ ನನ್ನನ್ನೇ ನೋಡಿ ನಗುತ್ತಿದೆ, ಫ್ರೀಜರಿನ ತಣ್ಣನೆಯ ಹೊಗೆ ಮುಖಕ್ಕೆ ಬಡಿದು ಕನ್ನಡಕ ಮಂಜಾಗಿದೆ, ತೆಗೆದು ಒರೆಸಿ ಹಾಕಿಕೊಂಡು ನೋಡಿದರೂ ಅಷ್ಟೇ, ಒಂದೇ ಒಂದು. ಬೆಳಿಗ್ಗೆ ನಾನೇ ತುಂಬಿಸಿಟ್ಟಿದ್ದೆ, ಅಂಚಿನವರೆಗೆ, ತುಳುಕದಂತೆ ಉಸಿರು ಬಿಗಿಹಿಡಿದು, ಸಂಜೆಯವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿಯೂ ಇದ್ದೆ—ಹೇಳಿದ್ದೆನಾ, ಅಥವಾ ಹೇಳಬೇಕು ಅಂದುಕೊಂಡದ್ದೇ ಹೇಳಿದಂತಾಗಿಬಿಟ್ಟಿತಾ, ನನ್ನದು ಯಾವಾಗಲೂ ಇದೇ ಹಣೆಬರಹ, ಡೈರಿಯಲ್ಲಿ ಪುಟಗಟ್ಟಲೆ ಜಗಳ ಆಡುತ್ತೇನೆ, ಬಾಯಿಯವರೆಗೆ ಬಂದ ಮಾತು ಮಾತ್ರ ಹಲ್ಲಿನ ಹಿಂದೆ ಚಪ್ಪಲಿ ಬಿಟ್ಟು ಕೂತುಬಿಡುತ್ತದೆ, ಏಳು ಅಂದರೆ ಏಳುವುದಿಲ್ಲ. ಕೊನೆಯ ತುಂಡು ತೆಗೆದವರು ಟ್ರೇ ತುಂಬಿಸಬೇಕು, ಇದು ಅಮ್ಮ ಮಾಡಿದ ಕಾನೂನು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತನ್ನ ಕೈಕೆಳಗಿನವರಿಗೆ ಹಾಕಿದ್ದನ್ನೇ ಮನೆಗೂ ತಂದಳು, ಕೊನೆಯ ಸೌಟು ಬಡಿಸಿದವರೇ ಪಾತ್ರೆ ತೊಳೆಯಬೇಕು ಅಂತ, ಅಲ್ಲಿ ಅದು ಚೆನ್ನಾಗಿ ನಡೆಯುತ್ತಿರಬಹುದು, ಇಲ್ಲಿ ಏನಾಯಿತೆಂದರೆ ಯಾರೂ ಯಾವುದನ್ನೂ ಮುಗಿಸುವುದನ್ನೇ ಬಿಟ್ಟರು. ಬಿಸ್ಕತ್ತಿನ ಡಬ್ಬಿಯಲ್ಲಿ ಯಾವಾಗಲೂ ಅರ್ಧ ಬಿಸ್ಕತ್ತು, ಬಾಟಲಿಯ ತಳದಲ್ಲಿ ಒಂದು ಗುಟುಕು ನೀರು, ಜಾಮಿನ ಸೀಸೆಯಲ್ಲಿ ಚಮಚಕ್ಕೂ ಸಿಗದ ಕೆಂಪು ಗೆರೆ, ಮತ್ತು ಟ್ರೇಯಲ್ಲಿ ಒಂದು ಐಸ್ ತುಂಡು, ಕಾನೂನು ಪ್ರಕಾರ ಯಾರೂ ತಪ್ಪು ಮಾಡಿಲ್ಲ, ಎಲ್ಲರೂ ಸತ್ಯವಂತರು, ಐಸ್ ಮಾತ್ರ ಇಲ್ಲ.

ಈಗ ನೀರು ತುಂಬಿಸಿ ಇಟ್ಟರೂ ಗಟ್ಟಿಯಾಗುವ ಹೊತ್ತಿಗೆ ಕತ್ತಲಾಗುತ್ತದೆ, ಈ ಫ್ರಿಜ್ಜೂ ನನ್ನಷ್ಟೇ ಚುರುಕು, ಮತ್ತು ಪಕ್ಕದ ಕೋಣೆಯಲ್ಲಿ ಅಮ್ಮ ಇಸ್ತ್ರಿ ಹಾಕುತ್ತಿದ್ದಾಳೆ, ಸರ್ ಎಂದು ಎಳೆಯುವುದು, ದಪ್ ಎಂದು ಇಡುವುದು, ಸರ್, ದಪ್, ಕ್ಯಾಂಟೀನಿನ ಬಿಳಿ ಏಪ್ರನ್ನು, ಜ್ವರದ ರಜೆ ಮುಗಿಸಿ ಸೋಮವಾರ ಹಾಕಿಕೊಳ್ಳುವುದಕ್ಕೆ, ಇವತ್ತು ಶನಿವಾರ, ಅಂದರೆ ನನಗಿರುವುದು ಇವತ್ತು ಮತ್ತು ನಾಳೆ. ಟ್ರೇಯನ್ನು ಇದ್ದ ಹಾಗೇ ಇಟ್ಟು ಫ್ರೀಜರು ಮುಚ್ಚುತ್ತೇನೆ, ನಾನು ಆ ಒಂದನ್ನು ತೆಗೆಯಲಿಲ್ಲ, ತುಂಬಿಸಲೂ ಇಲ್ಲ, ನಾನೂ ಈ ಮನೆಯವಳೇ ತಾನೆ. ಕೆಳಗಿನ ಬಾಗಿಲು ತೆರೆದರೆ ನನ್ನ ದಾಸವಾಳದ ಟೀಯ ಜಗ್ಗು, ಮುಟ್ಟಿದರೆ ತಣ್ಣಗಿದೆ, ಅಷ್ಟರ ಮಟ್ಟಿಗೆ ಪುಣ್ಯ, ಆದರೆ ಬಣ್ಣ, ಇದೇನು ಬಣ್ಣ, ಬೆಳಿಗ್ಗೆ ಸೋಸಿಟ್ಟಾಗ ರಕ್ತದ ಹಾಗಿತ್ತಲ್ಲ, ಕಿಟಕಿಗೆ ಹಿಡಿದರೆ ಬೆರಳು ಕಾಣುತ್ತಿರಲಿಲ್ಲ, ಈಗ ಗುಲಾಬಿ, ಅದೂ ಒಗೆದು ಒಗೆದು ಬಿಳಿಚಿದ ಗುಲಾಬಿ, ಮೇಲೆ ಕಿತ್ತಳೆಯ ಬಿಲ್ಲೆಗಳು ನನ್ನ ತಪ್ಪಲ್ಲಪ್ಪ ಅನ್ನುವಂತೆ ತೇಲುತ್ತಿವೆ. ಅಣ್ಣ. ಇನ್ಯಾರು. ಕುಡಿದ, ಕುಡಿದಷ್ಟನ್ನೇ ನಲ್ಲಿಯಿಂದ ತುಂಬಿಸಿಟ್ಟ, ಮುಗಿಸಿದರೆ ತಾನೆ ಜಗ್ಗು ತೊಳೆಯಬೇಕಾದ್ದು. ಒಣಗಿದ ದಾಸವಾಳದ ಎಸಳು ಒಂದು ಹಿಡಿ, ಒಲೆ ಆರಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ಒಗರು, ನಿಂಬೆಹುಲ್ಲನ್ನು ಗಂಟು ಕಟ್ಟಿ ಚಾಕುವಿನ ಹಿಡಿಯಿಂದ ಜಜ್ಜಿ, ಶುಂಠಿ ಮಾತ್ರ ಧಾರಾಳ, ಖಾರ ಗಂಟಲಿಗೆ ಹತ್ತಬೇಕು, ಮುಚ್ಚಿಟ್ಟು ಕಾದು, ಸೋಸಿ, ಆರಿಸಿ, ಹುಳಿ ಸೇಬನ್ನು ಸಣ್ಣಗೆ ಹೆಚ್ಚಿ, ಕಿತ್ತಳೆಯ ಬೀಜ ಒಂದೊಂದೇ ಆಯ್ದು, ನಿಂಬೆರಸ ಬಿದ್ದೊಡನೆ ಆ ಕಡುಗೆಂಪು ದೀಪ ಹಚ್ಚಿದಂತೆ ಹೊಳೆದದ್ದನ್ನು ನೋಡಿ ನಾನೊಬ್ಬಳೇ ನಿಂತು ನಕ್ಕಿದ್ದೆ—ಅದೆಲ್ಲಕ್ಕೂ ಅವನು ನೀರು ಬೆರೆಸಿದ್ದಾನೆ. ನನಗೆ ಬಾಯಾರಿಕೆ ಎಂದು ಮಾಡಿದ್ದಲ್ಲ ಇದು, ಬೇಸಿಗೆಗೆ ತಂಪಾಗಲಿ ಎಂದೂ ಅಲ್ಲ, ಇಡೀ ದಿನ ನಿಂತಿದ್ದು ಅಮ್ಮನಿಗಾಗಿ, ಅಮ್ಮನ ಮೂಗಿಗೆ ಏನೂ ಬರುತ್ತಿಲ್ಲ, ನಾಲಿಗೆಗೂ ಬರುತ್ತಿಲ್ಲ, ಅದನ್ನು ಅವಳು ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ.

ಜ್ವರ ಬಿಟ್ಟ ಮೇಲೆ ಶುರುವಾದದ್ದು. ಮೊದಲು ನನಗೆ ಗೊತ್ತಾಗಿದ್ದು ಒಂದು ಮಾತಿನಿಂದ, ಚೆನ್ನಾಗಿದೆ. ಅಮ್ಮ ಜನ್ಮದಲ್ಲಿ ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ, ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿ, ಈರುಳ್ಳಿಗೆ ಅವಸರ ಆಗಿದೆ, ಉಪ್ಪು ಇನ್ನೂ ಬಾಗಿಲಲ್ಲೇ ನಿಂತಿದೆ ಒಳಗೆ ಕರಿ, ಇದಕ್ಕೆ ಯಾರೋ ಕೋಪದಲ್ಲಿ ಸೌಟು ಆಡಿಸಿದ್ದಾರೆ, ಹೀಗೆಲ್ಲ ಹೇಳುವವಳು, ಕ್ಯಾಂಟೀನಿನಲ್ಲಿ ಅವಳು ರುಚಿ ನೋಡಿ ಹೂಂ ಅನ್ನದೆ ಒಂದು ಪಾತ್ರೆಯೂ ವಾರ್ಡಿಗೆ ಹೋಗುವುದಿಲ್ಲ, ಅಂಥವಳು ಜ್ವರದಿಂದ ಎದ್ದ ಮೇಲೆ ಎಲ್ಲದಕ್ಕೂ ಚೆನ್ನಾಗಿದೆ, ನಾನು ತಳ ಹಿಡಿಸಿದ ಅನ್ನಕ್ಕೂ ಚೆನ್ನಾಗಿದೆ, ಸಕ್ಕರೆ ಮರೆತ ಕಾಫಿಗೂ ಚೆನ್ನಾಗಿದೆ. ಆಮೇಲೆ ಹೋದ ವಾರದ ಆ ಮಧ್ಯಾಹ್ನ, ನಾನು ಕೋಣೆಯಲ್ಲಿ ಮಲಗಿದ್ದೆ, ಮೂಗಿಗೆ ಗ್ಯಾಸ್ ಅಡರಿತು, ತಲೆ ತಿರುಗುವಷ್ಟು, ಓಡಿಬಂದರೆ ಕಿಟಕಿಯ ಗಾಳಿಗೆ ಒಲೆ ಆರಿಹೋಗಿ ಸುಯ್ ಎನ್ನುತ್ತಿದೆ, ಅಮ್ಮ ಅದರ ಪಕ್ಕದಲ್ಲೇ ನಿಂತು ಬೀನ್ಸ್ ಹೆಚ್ಚುತ್ತಿದ್ದಾಳೆ, ಆರಾಮಾಗಿ, ಹೆಚ್ಚಿ ಮುಗಿಸಿ ಇನ್ನೊಂದು ಒಲೆ ಹಚ್ಚಲು ಲೈಟರು ಎತ್ತಿಕೊಂಡಿದ್ದಾಳೆ, ಹೆಬ್ಬೆರಳು ಅದರ ಮೇಲಿದೆ—ನಾನು ಕಿತ್ತುಕೊಂಡೆ, ಗುಂಡಿ ತಿರುಗಿಸಿದೆ, ಬಾಗಿಲು ಕಿಟಕಿ ಎಲ್ಲ ತೆರೆದೆ, ಅವಳು ಲೈಟರಿಲ್ಲದ ಖಾಲಿ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು, ಓ, ಆರಿಹೋಗಿತ್ತಾ, ನೆಗಡಿ ಕಣೆ, ಮೂಗು ಕಟ್ಟಿದೆ, ಎಲ್ಲರಿಗೂ ಹೇಳಿ ಗಾಬರಿ ಮಾಡ್ಬೇಡ. ನೆಗಡಿಯೂ ಇರಲಿಲ್ಲ ಏನೂ ಇರಲಿಲ್ಲ, ಗಂಟಲು ಗಂಟೆಯ ಹಾಗಿತ್ತು. ಕ್ಯಾಂಟೀನಿನಲ್ಲಿ ಸಾಲಾಗಿ ದೊಡ್ಡ ದೊಡ್ಡ ಒಲೆಗಳು, ಒಂದೊಂದೂ ನಮ್ಮ ಸ್ನಾನದ ಕೋಣೆಯಷ್ಟು ಅಗಲ, ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಹೋಗಿ ಹಚ್ಚುವವಳು ಅವಳೇ, ಒಬ್ಬಳೇ, ಸೋಮವಾರ.

ಅಮ್ಮ, ನಿನಗೆ ವಾಸನೆ ಗೊತ್ತಾಗುತ್ತಿಲ್ಲ ಅಲ್ವಾ. ಇಷ್ಟೇ ಮಾತು. ಕನ್ನಡಿಯ ಮುಂದೆ ಹೇಳಿ ನೋಡಿದ್ದೇನೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿದ್ದೇನೆ, ಅವಳ ಮುಂದೆ ನಿಂತರೆ ಅಮ್ಮ, ಎಂದು ಶುರುವಾಗಿ ಅಮ್ಮ, ಸಾಬೂನು ಎಲ್ಲಿದೆ ಎಂದು ಮುಗಿಯುತ್ತದೆ. ಅದಕ್ಕೇ ಈ ಟೀ. ಎಲ್ಲೋ ಓದಿದ್ದೆ, ಮೂಗು ಕೈಕೊಟ್ಟರೂ ಪುದೀನದ ತಂಪು, ಶುಂಠಿಯ ಉರಿ, ಹುಳಿಯ ಜುಮ್ಮು, ಐಸಿನ ಕೊರೆತ ಇವೆಲ್ಲ ಗೊತ್ತಾಗುತ್ತವಂತೆ, ಅದು ಮೂಗಿನ ಕೆಲಸವಲ್ಲವಂತೆ, ಚರ್ಮದ ಕೆಲಸವಂತೆ, ಹಾಗಿದ್ದರೆ ಒಂದು ಲೋಟದಲ್ಲಿ ಅವೆಲ್ಲವನ್ನೂ ತುಂಬಿ ಕೊಡುತ್ತೇನೆ, ಅವಳು ಕುಡಿಯುತ್ತಾಳೆ, ಎಷ್ಟು ದಿನದ ಮೇಲೆ ಬಾಯೊಳಗೆ ಏನೋ ನಡೆಯುತ್ತದೆ, ಅವಳ ಮುಖ ಬದಲಾಗುತ್ತದೆ, ಆಗ ನಾನು ಮೆಲ್ಲಗೆ, ಏನು ಗೊತ್ತಾಯ್ತಮ್ಮ ಎಂದು ಕೇಳುತ್ತೇನೆ, ಉಳಿದದ್ದನ್ನು ಅವಳೇ ಹೇಳುತ್ತಾಳೆ—ಎಷ್ಟು ಚಂದದ ಉಪಾಯ, ಐಸ್ ಒಂದು ಇದ್ದಿದ್ದರೆ. ಪುದೀನದ ದಂಟುಗಳು ಕಿಟಕಿಯ ಕಟ್ಟೆಯ ಮೇಲೆ ನೀರಿನ ಲೋಟದಲ್ಲಿ ನಿಂತಿವೆ, ಇನ್ನೂ ಕಿತ್ತಿಲ್ಲ, ಅದನ್ನು ಕೊನೆಯಲ್ಲಿ ಹಾಕಬೇಕು, ಅಂಗೈಯಲ್ಲಿ ಹೊಸಕಿ ಐಸಿನ ಮೇಲೆ, ಮೊದಲೇ ಹಾಕಿದರೆ ಕಪ್ಪಾಗಿ ಹುಲ್ಲಿನ ಹಾಗಾಗುತ್ತದೆ, ಐಸ್ ಬಂದ ಮೇಲೆ ಪುದೀನ, ಪುದೀನ ಬಂದ ಮೇಲೆ ಅಮ್ಮ, ಇದು ನನ್ನ ಲೆಕ್ಕ, ಈಗ ಇರುವುದು ತಣ್ಣನೆಯ ಗುಲಾಬಿ ನೀರು, ಮತ್ತು ಒಳಗೆ ಕತ್ತಲಲ್ಲಿ ಮೂಲೆಯ ಗುಳಿಯಲ್ಲಿ ಅದು.

ಅಪ್ಪ ಬಂದರು. ಬಂದವರು ಸೀದಾ ಒಲೆಯ ಹತ್ತಿರ ಹೋಗಿ ಎರಡೂ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಆಮೇಲೆ ಬಗ್ಗಿ ಸಿಲಿಂಡರಿನ ತಲೆಯನ್ನೂ ಮುಟ್ಟಿ ನೋಡಿ, ಇದೊಂದು ಹೊಸ ಚಾಳಿ ಇವರಿಗೆ, ಅಡುಗೆಮನೆಗೆ ಕಾಲಿಟ್ಟರೆ ಸಾಕು, ನಾನು ನಿಂತಿದ್ದೇನೆ ತಾನೆ, ಕಣ್ಣಿದೆ ತಾನೆ, ದಿನವೆಲ್ಲ ಡ್ರೈವಿಂಗ್ ಕಲಿಸಿ ಕಲಿಸಿ ಮನೆಯಲ್ಲೂ ಎಲ್ಲರೂ ಕಲಿಯುವವರೇ ಇವರ ಪಾಲಿಗೆ, ನಾನು ಚಾಕು ಹಿಡಿದರೆ ನಿಧಾನ ನಿಧಾನ ಎಂದು ನೆಲದ ಮೇಲೆ ಬಲಗಾಲು ಒತ್ತುತ್ತಾರೆ, ಅಲ್ಲಿ ಬ್ರೇಕು ಇದ್ದಂತೆ. ಏನಮ್ಮ ಇದು, ಯಾರಿಗೆ ಹುಷಾರಿಲ್ಲ, ಕಷಾಯಾನಾ. ಅಲ್ಲಪ್ಪ, ಟೀ. ಟೀ ಅಂತೀಯ, ಟೀ ಪುಡಿ ಎಲ್ಲಿದೆ. ಇಲ್ಲ. ಹಾಲು. ಇಲ್ಲ. ಬಿಸೀನೂ ಇಲ್ಲ. ಇಲ್ಲ. ಹಾಗಾದ್ರೆ ಗಾಡಿ ಇಲ್ಲ, ಇಂಜಿನ್ ಇಲ್ಲ, ಹಾರ್ನ್ ಮಾತ್ರ ಇದೆ ಅನ್ನು. ತಮ್ಮ ಜೋಕಿಗೆ ತಾವೇ ನಕ್ಕು, ಕುರ್ಚಿ ಎಳೆದುಕೊಂಡು ಕೂತರು, ಏಳುವ ಲಕ್ಷಣವಿಲ್ಲ, ನನಗೆ ಅಮ್ಮನೊಬ್ಬಳೇ ಬೇಕಿತ್ತು ಈ ಕೋಣೆಯಲ್ಲಿ. ಅವರ ಹಿಂದೆಯೇ ಅಣ್ಣ, ಲಿಫ್ಟ್ ರಿಪೇರಿ ಮಾಡುವವನು, ಊರಿನ ಎಲ್ಲರನ್ನೂ ಮೇಲಕ್ಕೆ ಕಳಿಸುತ್ತಾನೆ, ತಾನು ಮಾತ್ರ ಒಂದು ಜಗ್ಗನ್ನು ಸಿಂಕಿನವರೆಗೆ ಒಯ್ಯಲಾರ, ಬಂದವನೇ ಫ್ರಿಜ್ಜು ತೆರೆದು ತಣ್ಣೀರಿನ ಬಾಟಲಿ ಎತ್ತಿ ಗಟಗಟ, ಗಂಟಲ ಗಂಟು ಮೇಲೆ ಕೆಳಗೆ, ಮೇಲೆ ಕೆಳಗೆ, ತಳದಲ್ಲಿ ಒಂದು ಗುಟುಕು ಉಳಿಸಿ ವಾಪಸ್ ಇಟ್ಟ, ಒಂದು ತಿಂಗಳಿನಿಂದ ಇವನಿಗೆ ಏನು ಬಂದಿದೆಯೋ, ಊಟ ಆದ ಮೇಲೆ ಒಂಟೆಯ ಹಾಗೆ ನೀರು ಕುಡಿಯುತ್ತಾನೆ, ಟ್ರೇ ಖಾಲಿಯಾಗುವುದೂ ಅದಕ್ಕೇ. ಐಸ್ ತೆಗೆದದ್ದು ನೀನೇ ತಾನೆ, ಎಂದೆ, ನಿಜವಾಗಿಯೂ ಅಂದೆ, ಸಣ್ಣ ದನಿಯಲ್ಲಿ. ಒಂದು ಬಿಟ್ಟಿದೀನಲ್ಲ. ಜಗ್ಗಿಗೆ ನೀರು ಬೆರೆಸಿದ್ದೂ ನೀನೇ. ಅಯ್ಯೋ ಕುಡಿದೆ ಕಣೆ, ತುಂಬ ಹುಳಿ ಇತ್ತು, ಹದ ಮಾಡಿಟ್ಟೆ, ಥ್ಯಾಂಕ್ಸ್ ಹೇಳು. ಹದ ಮಾಡಿಟ್ಟನಂತೆ, ಹುಳಿ ಇರಲೆಂದೇ ಹುಳಿ ಹಾಕಿದ್ದು, ಪೆದ್ದ, ಹುಳಿಯೊಂದಾದರೂ ಅವಳಿಗೆ ತಲುಪಲಿ ಎಂದು, ಇದನ್ನೆಲ್ಲ ಇವನಿಗೆ ಹೇಳುವಂತಿಲ್ಲ, ಹೇಳಿದರೆ ಅಮ್ಮನ ಗುಟ್ಟು ಹೋಗುತ್ತದೆ, ಹೇಳದಿದ್ದರೆ ನಾನು ಒಂದು ಲೋಟ ಶರಬತ್ತಿಗೆ ಕಣ್ಣೀರು ಹಾಕುವ ಹುಚ್ಚಿ, ಹೇಗೂ ಅವರ ಕಣ್ಣಿಗೆ ನಾನು ಅದೇ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಹೂವಿನ ನೀರು ಸೋಸುವವಳು.

ಸರ್ ದಪ್ ನಿಂತಿದೆ. ಯಾವಾಗ ನಿಂತಿತು. ಬಾಗಿಲಲ್ಲಿ ಅಮ್ಮ, ಮಡಿಸಿದ ಏಪ್ರನ್ನು ತೋಳಿನ ಮೇಲೆ, ಇಸ್ತ್ರಿಯ ಬಿಸಿ ಇನ್ನೂ ಅದರಲ್ಲಿದೆ, ಕಾದ ಬಟ್ಟೆಯ ವಾಸನೆ ನನ್ನವರೆಗೆ ಬರುತ್ತಿದೆ, ಅವಳಿಗೆ ಬರುತ್ತಿಲ್ಲ, ಅವಳ ತೋಳಿನ ಮೇಲೆಯೇ ಇದ್ದರೂ. ಎಲ್ಲಾ ಇಲ್ಲೇ ಸೇರಿದೀರಲ್ಲ, ನನಗೇನೂ ಇಲ್ವಾ, ಎಂದಳು, ಮತ್ತು ನಾನು ಇರು ಅಮ್ಮ ಅನ್ನುವ ಮೊದಲೇ ಜಗ್ಗಿನಿಂದ ತಾನೇ ಒಂದು ಲೋಟ ಬಗ್ಗಿಸಿಕೊಂಡಳು, ಐಸ್ ಇಲ್ಲ, ಪುದೀನ ಇಲ್ಲ, ನೀರು ಬೆರೆಸಿದ್ದು, ಇರು ಎಂಬ ಮಾತು ಹಲ್ಲಿನ ಹಿಂದೆ ಚಪ್ಪಲಿ ಹುಡುಕುತ್ತಿತ್ತು. ಒಂದು ಗುಟುಕು. ಅವಳು ನನ್ನ ಮುಖ ನೋಡಿದಳು, ನಾನು ಏನನ್ನೋ ಕಾಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು, ಇಡೀ ದಿನ ನಿಂತು ಮಾಡಿದ್ದೇನೆ ಎಂದೂ ಗೊತ್ತು, ಪಾಪ ಏನಾದರೂ ಹೇಳಬೇಕಲ್ಲ ಎಂದು ಅವಳ ಕಣ್ಣು ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿದ್ದನ್ನು ನಾನು ನೋಡಿದೆ, ಕಿತ್ತಳೆಯ ಸಿಪ್ಪೆಯ ಮೇಲೆ, ಶುಂಠಿಯ ತುಣುಕಿನ ಮೇಲೆ, ಕಿಟಕಿಯ ಕಟ್ಟೆಯ ಮೇಲಿನ ಹಸಿರು ದಂಟುಗಳ ಮೇಲೆ ಬಂದು ಕಣ್ಣು ನಿಂತಿತು.

ಚೆನ್ನಾಗಿದೆ ಕಣೆ. ಪುದೀನ ಎಷ್ಟು ಘಮ್ ಅಂತಿದೆ.

ಅಪ್ಪ ಕಿಟಕಿ ನೋಡಿದರು, ಲೋಟದಲ್ಲಿ ನಿಂತ ಪುದೀನ, ಒಂದೆಲೆಯನ್ನೂ ಕಿತ್ತಿಲ್ಲ, ಅಣ್ಣನೂ ನೋಡಿದ, ಅವನು ಆ ಟೀ ಕುಡಿದವನು, ಅದರಲ್ಲಿ ಏನಿಲ್ಲ ಎಂದು ಅವನಿಗೂ ಗೊತ್ತು, ಈಗ ಹಲ್ಲು ಕಿರಿಯುತ್ತಾನೆ, ಪುದೀನ ಎಲ್ಲಿದೆಯಮ್ಮ ಎಂದು ಆಡಿಕೊಳ್ಳುತ್ತಾನೆ ಎಂದು ನಾನು ಹೆದರಿ ಅವನ ಕಡೆ ತಿರುಗಿದರೆ ಅವನು ನೆಲ ನೋಡುತ್ತಿದ್ದಾನೆ, ಇವನು, ಊಟದಲ್ಲಿ ಒಂದು ಸಾಸಿವೆ ಹೆಚ್ಚಾದರೂ ತಟ್ಟೆ ತಳ್ಳುತ್ತಿದ್ದವನು, ಒಂದು ತಿಂಗಳಿನಿಂದ ಒಂದು ತಕರಾರೂ ಇಲ್ಲದೆ ಅಮ್ಮ ಬಡಿಸಿದ್ದನ್ನೆಲ್ಲ—ಉಪ್ಪು, ಅಯ್ಯೋ, ಅಮ್ಮ ಮಾಡಿದ ದಿನ ಉಪ್ಪು ಹೆಚ್ಚಿರುತ್ತದೆ, ನಾನು ಎರಡು ತುತ್ತಿಗೆ ಹೊಟ್ಟೆ ತುಂಬಿತೆಂದು ಎದ್ದುಹೋಗುತ್ತೇನೆ, ಇವನು ಕೂತು ತಟ್ಟೆ ಖಾಲಿ ಮಾಡಿ ಆಮೇಲೆ ಗಟಗಟ ನೀರು, ಟ್ರೇಗಟ್ಟಲೆ ಐಸು, ಅದಕ್ಕಾ. ಮತ್ತೆ ಅಪ್ಪ, ಬಂದಾಗೆಲ್ಲ ಗುಂಡಿ, ಸಿಲಿಂಡರು, ನಾನು ಕಲಿಯುವವಳು ಎಂದಲ್ಲ, ಅದಕ್ಕಾ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅವರವರ ಪಾಡಿಗೆ ಇದನ್ನು ಸುತ್ತಿ ಸುತ್ತಿ ಓಡಾಡುತ್ತಿದ್ದರು, ಕೊನೆಯದ್ದನ್ನು ಮಾತ್ರ ಯಾರೂ ತೆಗೆಯಲಿಲ್ಲ, ತೆಗೆದವರ ಮೇಲೆ ಕೆಲಸ ಬೀಳುತ್ತದಲ್ಲ, ನನಗೆ ಎಂಥ ಸಿಟ್ಟು ಬಂತೆಂದರೆ, ಅಪ್ಪನ ಮೇಲೆ, ಅಣ್ಣನ ಮೇಲೆ, ಘಮ್ ಎನ್ನುವ ಮಾತಿನ ಮೇಲೆ, ಅವಳ ತೋಳಿನ ಮೇಲಿನ ಬಿಳಿ ಬಟ್ಟೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹಲ್ಲಿನ ಹಿಂದೆ ಕೂತಿರುವ ಆ ಸೋಮಾರಿಯ ಮೇಲೆ, ಆ ಸಿಟ್ಟಿಗೆ ಅದು ಎದ್ದು ಹೊರಗೆ ಬಂತು, ಬರಿಗಾಲಲ್ಲೇ.

ಅಮ್ಮ, ಪುದೀನ ಇನ್ನೂ ಹಾಕಿಲ್ಲ.

ಅವಳು ಲೋಟದೊಳಗೆ ನೋಡಿದಳು, ಗುಲಾಬಿ ನೀರು, ಕಿತ್ತಳೆ, ಸೇಬು, ಹಸಿರು ಎಲ್ಲೂ ಇಲ್ಲ, ಕಿಟಕಿ ನೋಡಿದಳು, ಮತ್ತೆ ಲೋಟ, ನೆಗಡಿ ಅನ್ನುತ್ತಾಳೆ ಎಂದುಕೊಂಡೆ, ಈಗ ನೆಗಡಿ ಕಣೆ ಅಂದರೆ ಮುಗಿಯಿತು, ನಾವೆಲ್ಲ ಹೌದು ನೆಗಡಿ ಅನ್ನುತ್ತೇವೆ, ಸೋಮವಾರ ಬೆಳಗಿನ ಜಾವ ಅವಳು ಹೋಗುತ್ತಾಳೆ, ಸಾಲು ಒಲೆಗಳು, ಹೆಬ್ಬೆರಳು ಲೈಟರಿನ ಮೇಲೆ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟಳು, ಏಪ್ರನ್ನನ್ನು ಅಪ್ಪನ ಕುರ್ಚಿಯ ಬೆನ್ನಿಗೆ ಹಾಕಿದಳು, ಅಷ್ಟು ನೀಟಾಗಿ ಇಸ್ತ್ರಿ ಮಾಡಿದ್ದು ಸುಕ್ಕಾಯಿತು, ನೋಡಲಿಲ್ಲ, ಫ್ರೀಜರು ತೆರೆದು ಟ್ರೇ ಎಳೆದಳು, ಬರಿಗೈಯಲ್ಲಿ ಅದನ್ನು ತಿರುಚಿದಳು, ಕಟ್ ಎಂದಿತು, ಮೂಲೆಯ ಗುಳಿಯಿಂದ ಅದನ್ನು ಎತ್ತಿ, ಈ ಮನೆಯಲ್ಲಿ ಯಾರೂ ಎತ್ತದ್ದನ್ನು, ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು, ಹಿಂದೆ ಚಮಚ ಬಾಯಿಗಿಟ್ಟು ಮುಚ್ಚುತ್ತಿದ್ದಳಲ್ಲ, ಹಾಗೆ.

ಇದು ಗೊತ್ತಾಗುತ್ತೆ, ಎಂದಳು. ಬೇರೆ ಏನೂ ಗೊತ್ತಾಗಲ್ಲ.

ಅಪ್ಪನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಅಣ್ಣ ಟ್ರೇಗೆ ಕೈ ಚಾಚಿದ, ಕೊಡಮ್ಮ ನಾನು ತುಂಬಿಸ್ತೀನಿ, ಅವಳು ಕೊಡಲಿಲ್ಲ, ಕೊನೇದು ತೆಗೆದದ್ದು ನಾನು ತಾನೆ, ಎಂದು ತಾನೇ ಸಿಂಕಿನ ಹತ್ತಿರ ಹೋಗಿ ನಲ್ಲಿ ಸಣ್ಣಗೆ ಬಿಟ್ಟು ಒಂದೊಂದೇ ಗುಳಿ ತುಂಬಿಸತೊಡಗಿದಳು, ನಮಗೆ ಬೆನ್ನು ಮಾಡಿ, ಬಾಯಲ್ಲಿ ಐಸ್ ಇದ್ದುದರಿಂದ ಮಾತು ಚಿಕ್ಕ ಮಗುವಿನದರಂತೆ ತೊದಲುತ್ತಿತ್ತು, ಸೋಮವಾರ ಕ್ಯಾಂಟೀನಿನ ಅಡುಗೆಮನೆಗೆ ಹೋಗಲ್ಲ, ಮೊದಲು ಮೇಲಿನ ಮಹಡಿಗೆ ಡಾಕ್ಟರ ಹತ್ತಿರ, ನೀನು ಬಾ ನನ್ನ ಜೊತೆ, ಅವರು ಕೇಳಿದ್ದಕ್ಕೆಲ್ಲ ನೀನೇ ಹೇಳು, ನನ್ನ ಬಾಯಲ್ಲಿ ಬರಲ್ಲ. ನನಗಾ, ನನಗಾ ಹೇಳುತ್ತಿರುವುದು, ಬ್ಯಾಂಕಿನ ಸಾಲಿನಲ್ಲಿ ಹಿಂದಿನವರನ್ನು ಮುಂದೆ ಬಿಟ್ಟು ಬರುವ ನನಗಾ, ಅಂದರೆ ಇಷ್ಟು ದಿನ ಅವಳ ಹಲ್ಲಿನ ಹಿಂದೆಯೂ ಒಂದು ಕೂತಿತ್ತಾ, ಇದು ಅವಳಿಂದ ಬಂದದ್ದಾ ನನಗೆ, ಹೂಂ ಎಂದೆ, ಕೇಳಿಸಿತೋ ಇಲ್ಲವೋ, ಮತ್ತೊಮ್ಮೆ ಜೋರಾಗಿ ಹೂಂ ಎಂದೆ. ಅವಳು ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿದಳು, ಅಂಚಿನವರೆಗೆ ನೀರು, ತುಳುಕುತ್ತಿಲ್ಲ, ಸಿಂಕಿನಿಂದ ಫ್ರಿಜ್ಜಿನವರೆಗೆ ಮೆಲ್ಲಗೆ, ನಾವು ಮೂವರೂ ಉಸಿರು ಹಿಡಿದು ಜಾಗ ಬಿಟ್ಟುಕೊಟ್ಟೆವು, ಪುದೀನ ಕಿಟಕಿಯಲ್ಲೇ ಇದೆ, ಕೀಳಬೇಕು, ಹೊಸಕಿ ಅವಳಿಗೆ ಕೊಡಬೇಕು, ಕೀಳುತ್ತೇನೆ, ಈಗ ಕೈ ಏಳುತ್ತಿಲ್ಲ, ನನಗೆ ಕಾಣುತ್ತಿರುವುದು ಅವಳ ಕೆನ್ನೆ ಮಾತ್ರ, ಎಡಗೆನ್ನೆಯಲ್ಲಿ ಒಂದು ಉಬ್ಬು, ಹಲ್ಲಿಗೆ ತಾಗಿ ಟಕ್, ಈಗ ಬಲಗೆನ್ನೆಯಲ್ಲಿ, ಅಗಿಯುತ್ತಿಲ್ಲ, ನುಂಗುತ್ತಿಲ್ಲ, ಇನ್ನೂ ಇದೆ, ಚಿಕ್ಕದಾಗಿದೆ, ಇನ್ನೂ ಇದೆ, ಟಕ್, ಒಂದೇ ಒಂದು—